ಒಂದೇ ನೀರಿನ ಜೋಳ, ಕೂರದ ತೂಬಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತೂಬಮ್ಮ ಆಗಲೇ ಜೋಳದ ಹೊಲದ ನಡುವೆ ನಿಂತಿದ್ದಾರೆ. ಒಂದು ಎಲೆಯನ್ನು ಬೆರಳುಗಳ ನಡುವೆ ಹಿಡಿದು ನೋಡುತ್ತಾರೆ, ಬಿಡುತ್ತಾರೆ, ಪಕ್ಕದ ಗಿಡಕ್ಕೆ ಹೋಗುತ್ತಾರೆ. ಅಲ್ಲಿಂದ ಬದು ದಾಟಿ ಮುಂದಿನ ಹೊಲ. ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ ಓಡಾಡುವ ಈಕೆಯನ್ನು ಮಾತಾಡಿಸಬೇಕೆಂದರೆ ಹಿಂದೆಯೇ ಏದುಸಿರು ಬಿಡುತ್ತಾ ನಡೆಯಬೇಕು. ನಿಂತು ಉತ್ತರ ಕೊಡುವ ಅಭ್ಯಾಸ ಅವರಿಗಿಲ್ಲ.

"ಮಧ್ಯಾಹ್ನ ಬಂದು ನೋಡಿದ್ರೆ ಎಲ್ಲಾ ಎಲೆನೂ ಸುರುಳಿ ಸುತ್ಕೊಂಡಿರುತ್ತೆ. ಅದನ್ನ ನೋಡಿ ನೀರು ಬಿಟ್ರೆ ಕೆಟ್ವಿ," ಎನ್ನುತ್ತಾರೆ, ನಡೆಯುತ್ತಲೇ. "ಬಿಸಿಲಿಗೆ ಮುಖ ಮುಚ್ಕೊಂಡಿರುತ್ತೆ ಅಷ್ಟೆ. ರಾತ್ರಿ ತಂಪಿಗೆ ತಾನೇ ಬಿಚ್ಕೊಳ್ಳುತ್ತೆ. ಬೆಳಗಾದ್ರೂ ಬಿಚ್ಚಿಲ್ಲ ಅಂದ್ರೆ ಮಾತ್ರ ನಿಜವಾಗ್ಲೂ ಬಾಯಾರಿದೆ ಅಂತ."

ಇವತ್ತು ಬೆಳಗಾದರೂ ಎಲೆ ಬಿಚ್ಚಿಲ್ಲ. ತೂಬಮ್ಮ ಒಂದು ಗಿಡದ ನೆತ್ತಿಯನ್ನು ಮೆಲ್ಲಗೆ ಒತ್ತಿ ನೋಡುತ್ತಾರೆ. ಕೊನೆಯ ಎಲೆಯ ಬುಡ ಉಬ್ಬಿದೆ, ತೆನೆ ಇನ್ನೂ ಅದರೊಳಗೇ ಇದೆ. ಈ ಹೊತ್ತಿಗೆ ನೀರು ಸಿಕ್ಕರೆ ತೆನೆ ತುಂಬಿಕೊಂಡು ಹೊರಬರುತ್ತದೆ. ಸಿಗದಿದ್ದರೆ ಗಿಡ ಹೇಗೋ ಬದುಕುತ್ತದೆ, ಆದರೆ ತೆನೆಯಲ್ಲಿ ಕಾಳಿಗಿಂತ ಜೊಳ್ಳೇ ಹೆಚ್ಚು. "ಇವತ್ತೇ," ಎಂದು ತಮಗೆ ತಾವೇ ಹೇಳಿಕೊಂಡು ಕೆರೆಯ ಕಡೆ ದಾಪುಗಾಲು ಹಾಕುತ್ತಾರೆ.

ಕೆರೆಯ ತೂಬು ಎತ್ತುವುದು, ಇಳಿಸುವುದು, ಎತ್ತಿದ ನೀರು ಸರಿಯಾಗಿ ಹೊಲ ಸೇರಿತೇ ಎಂದು ನೋಡುವುದು ಇವರ ಕೆಲಸ. ಹಾಗಾಗಿಯೇ ಸಣ್ಣವರು ದೊಡ್ಡವರೆನ್ನದೆ ಎಲ್ಲರ ಬಾಯಲ್ಲೂ ತೂಬಮ್ಮ. ಕೆರೆಯಿಂದ ಹೊರಡುವುದು ಒಂದೇ ಕಾಲುವೆ, ಅದರ ಉದ್ದಕ್ಕೂ ಇಪ್ಪತ್ತು ಚಿಲ್ಲರೆ ಹೊಲ. ಪ್ರತಿ ಹೊಲಕ್ಕೂ ಕಾಲುವೆಯಿಂದ ನೀರು ತಿರುಗಿಸಿಕೊಳ್ಳುವ ಒಂದು ಮಡೆ ಇದೆ. ಮಡೆ ತೆಗೆಯುವುದೂ ಮಣ್ಣು ಹಾಕಿ ಕಟ್ಟುವುದೂ ತೂಬಮ್ಮನ ಮಾತಿನಂತೆಯೇ ನಡೆಯಬೇಕು. ಈ ವರ್ಷ ಕೆರೆ ಅರ್ಧವೂ ತುಂಬಿಲ್ಲ. ಇರುವ ನೀರು ಇಡೀ ಬೆಳೆಗೆ ಒಂದೇ ಸಲಕ್ಕೆ, ಅದೂ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹರಿಸಿದರೆ ಮಾತ್ರ ಸಾಕಾಗುತ್ತದೆ.

"ಎರಡು ಸಲ ಸ್ವಲ್ಪ ಸ್ವಲ್ಪ ಬಿಡು ಅಂತ ಎಲ್ಲರೂ ಹೇಳ್ತಾರೆ. ಒಣಗಿದ ಕಾಲುವೆ ಸುಮ್ನೆ ಇರುತ್ತಾ? ಮೊದಲು ಅದರ ಹೊಟ್ಟೆ ತುಂಬಬೇಕು. ಎರಡು ಸಲ ಬಿಟ್ರೆ ಎರಡು ಸಲ ಕುಡಿಯುತ್ತೆ. ಆಮೇಲೆ ಹೊಲಕ್ಕೇನು, ನನ್ನ ತಲೆ?"

ನೀರಿಲ್ಲದೆ ಇಷ್ಟು ದಿನ ಬೆಳೆ ನಿಂತದ್ದು ಹೇಗೆ ಎಂದರೆ, ಅದು ಹೊಲದವರ ಬೆವರು, ತನ್ನದಲ್ಲ ಎಂದು ಕೈ ಆಡಿಸುತ್ತಾರೆ. ಬೀಜ ಹೋದ ವರ್ಷದ ಒಳ್ಳೆಯ ತೆನೆಯಿಂದ ಎತ್ತಿಟ್ಟದ್ದು. ಸಾಲಿಗೆ ಸಾಲು ದೂರ ಬಿಟ್ಟು ಬಿತ್ತಿದ್ದಾರೆ. ಗೇಣುದ್ದ ಬಂದಾಗ ದಟ್ಟವಾದ ಕಡೆ ಸಸಿ ಕಿತ್ತು ತೆಳ್ಳಗೆ ಮಾಡಿದ್ದಾರೆ. ನಡುನಡುವೆ ಅಲಸಂದೆ ಹಾಕಿದ್ದಾರೆ, ಅದು ನೆಲಕ್ಕೂ ಆಯಿತು, ಮನೆಗೂ ಆಯಿತು. ಗೊಬ್ಬರ ಕೊಟ್ಟಿಗೆಯದೇ. ಎಲ್ಲಕ್ಕಿಂತ ಮುಖ್ಯವಾದದ್ದು ಎಡೆ ಹೊಡೆಯುವ ಕೆಲಸ. ಮೇಲ್ಮಣ್ಣನ್ನು ಆಗಾಗ ತೆಳ್ಳಗೆ ಕೆದಕಿ ಪುಡಿ ಮಾಡಿದರೆ ಬಿರುಕು ಮುಚ್ಚುತ್ತದೆ, ಒಳಗಿನ ತೇವ ಒಳಗೇ ಉಳಿಯುತ್ತದೆ. ಅಂಗಡಿಯಿಂದ ತರುವಂಥದ್ದು ಇದರಲ್ಲಿ ಹೆಚ್ಚೇನಿಲ್ಲ. ಬೇಕಾದದ್ದು ಬಗ್ಗುವ ಬೆನ್ನು, ಕಾಯುವ ತಾಳ್ಮೆ.

ಆ ತಾಳ್ಮೆಯೇ ಕಷ್ಟದ್ದು. ಹೋದ ಒಂದು ತಿಂಗಳಿಂದ ತೂಬಿನ ಪಕ್ಕದ ಇವರ ಒಂಟಿ ಕೋಣೆಯ ಬಾಗಿಲಿಗೆ ಬಾರದವರಿಲ್ಲ. ಗದರಿಸಿದವರಿದ್ದಾರೆ, ಗೋಗರೆದವರಿದ್ದಾರೆ, ಅವರೆಕಾಯಿ ಮಡಿಲಿಗೆ ಸುರಿದು ನಯವಾಗಿ ಮಾತೆತ್ತಿದವರೂ ಇದ್ದಾರೆ. ಅವರೆಕಾಯಿ ಬೇಯಿಸಿ ತಿಂದದ್ದಾಯಿತು, ತೂಬು ಎತ್ತಲಿಲ್ಲ. "ನಮ್ಮನೇವರು ಬಸ್ಸಲ್ಲಿ ಕಂಡಕ್ಟರು. ಅವರು ದಿನವೆಲ್ಲಾ ರೈಟ್ ರೈಟ್ ಅಂತಾರೆ, ನಾನು ಹೋಲ್ಡಾನ್ ಹೋಲ್ಡಾನ್ ಅಂತೀನಿ. ಇಬ್ಬರಿಗೂ ಬೈಗುಳ ಮಾತ್ರ ಒಂದೇ," ಎಂದು ನಗುತ್ತಾರೆ. ನಗು ಮುಗಿಯುವ ಮೊದಲೇ ಕಣ್ಣು ಕಾಲುವೆಯ ಕೊನೆಯ ಕಡೆ ಹೋಗುತ್ತದೆ.

ಅಲ್ಲಿ, ಕಟ್ಟಕಡೆಯ ಹೊಲದ ಬದುವಿನ ಮೇಲೆ, ತೂಬಮ್ಮನ ಒಡಹುಟ್ಟಿದ ಅಕ್ಕ ಕೂತಿದ್ದಾರೆ.

ಈ ತೂಬು ನೋಡಿಕೊಳ್ಳುತ್ತಿದ್ದದ್ದು ಇಬ್ಬರ ಅಪ್ಪ. ಇಬ್ಬರೂ ಈ ಕೋಣೆಯಲ್ಲೇ ಹುಟ್ಟಿ ಬೆಳೆದವರು. ಅಪ್ಪನ ನಂತರ ಕೆಲಸ ತನಗೇ ಬರುತ್ತದೆ ಎಂದು ಅಕ್ಕ ನಂಬಿದ್ದರು. ನ್ಯಾಯವಾಗಿ ಬರಬೇಕಾದದ್ದೂ ಅವರಿಗೇ, ನೀರಿನ ಗುಣ ತಂಗಿಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅಕ್ಕನನ್ನು ಕೊಟ್ಟದ್ದು ಇದೇ ಕಾಲುವೆಯ ಕೊನೆಯ ಹೊಲದ ಮನೆಗೆ. ಹೊಲ ಇದ್ದವರ ಕೈಗೆ ತೂಬು ಬೇಡ ಎಂದು ಹಿರಿಯರು ತೀರ್ಮಾನಿಸಿದರು. ತುಂಡು ನೆಲವೂ ಇಲ್ಲದ ತಂಗಿಗೆ ಕೆಲಸ ಬಂತು. ಅಕ್ಕ ಆಗ ತುಟಿ ಪಿಟಿಕ್ಕೆನ್ನಲಿಲ್ಲ.

ಅಕ್ಕ ಮಾತಾಡಿದ್ದು ಈ ಸಲ ಬಿತ್ತನೆಯ ಹೊತ್ತಿನಲ್ಲಿ. ನೀರು ಮೊದಲ ಹೊಲದಿಂದ ಶುರುವಾಗಬೇಕೋ ಕೊನೆಯ ಹೊಲದಿಂದಲೋ ಎಂದು ಎಲ್ಲರೂ ಕೂತು ಮಾತಾಡಿದರು. ನೀರು ಕಡಿಮೆ ಇದ್ದಾಗ ಕೊನೆಯಿಂದ ಶುರು ಮಾಡುವುದೇ ಸರಿ, ಅಪ್ಪ ಹಾಗೇ ಮಾಡುತ್ತಿದ್ದರು ಎಂದು ತೂಬಮ್ಮನಿಗೂ ಗೊತ್ತಿತ್ತು. ಮೇಲಿನವರು ಹೇಗಾದರೂ ಒಂದು ಪಾಲು ಪಡೆಯುತ್ತಾರೆ, ತಪ್ಪಿಹೋಗುವುದು ಯಾವಾಗಲೂ ಕೊನೆಯವರದ್ದೇ. ಅಷ್ಟರಲ್ಲಿ ಯಾರೋ ಹಿಂದಿನಿಂದ, "ಕೊನೇ ಹೊಲ ಅಂದ್ರೆ ಅಕ್ಕನದ್ದಲ್ವಾ," ಎಂದು ನಕ್ಕರು. ತೂಬಮ್ಮನ ಮುಖ ಕೆಂಪೇರಿತು. "ಮೊದಲನೇ ಹೊಲದಿಂದ," ಎಂದುಬಿಟ್ಟರು.

ಅವತ್ತು ಸಂಜೆ ಅಕ್ಕ ಕೋಣೆಯ ಬಾಗಿಲಿಗೆ ಬಂದರು, ಒಳಗೆ ಬರಲಿಲ್ಲ. "ನನ್ನ ಹೊಲ ಕೊನೇದು ಅಂತ ಅಲ್ಲ ಕಣೇ, ನಾನು ನಿನ್ನ ಅಕ್ಕ ಅಂತ ನನ್ನನ್ನ ಕೊನೇಲಿ ಇಟ್ಟಿದ್ದೀಯ," ಎಂದು ಹೇಳಿ ಹೋದರು. ಆಮೇಲೆ ಅಕ್ಕತಂಗಿಯರ ನಡುವೆ ಮಾತಿಲ್ಲ. ತೂಬಮ್ಮನಿಗೆ ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಿನಂತಾಗಿದೆ, ಉಗುಳಲೂ ಆಗದು, ನುಂಗಲೂ ಆಗದು. ಹಾಗಾಗಿ ಇವತ್ತು ಇವರಿಗೆ ಆಗಬೇಕಾದದ್ದು ಒಂದೇ, ಸಂಜೆಯೊಳಗೆ ನೀರು ಅಕ್ಕನ ಹೊಲದ ತುದಿ ಮುಟ್ಟಬೇಕು.

ತೂಬಿನ ಚಕ್ರ ತುಕ್ಕು ಹಿಡಿದಿದೆ. ತೂಬಮ್ಮ ಎರಡೂ ಕೈಯಲ್ಲಿ ಹಿಡಿದು, ಕಾಲನ್ನು ಕಲ್ಲಿಗೆ ಒತ್ತಿಕೊಂಡು ತಿರುಗಿಸುತ್ತಾರೆ. ಗೊರಗೊರ ಸದ್ದು ಮಾಡಿ ನೀರು ಕಾಲುವೆಗೆ ಬೀಳುತ್ತದೆ. ಬಿದ್ದ ನೀರಿಗಿಂತ ಮುಂದೆ ಇವರು ಸಲಿಕೆ ಹೆಗಲ ಮೇಲಿಟ್ಟು ಓಡುತ್ತಾರೆ. ಇಲ್ಲಿ ಒಂದು ಹೆಂಟೆ ಒದೆಯುತ್ತಾರೆ, ಅಲ್ಲಿ ಒಂದು ಕಸದ ಕಂತೆ ಕಿತ್ತೆಸೆಯುತ್ತಾರೆ, ಮಡೆಯ ಬಳಿ ನಿಂತವರಿಗೆ ಕೂಗಿ ಹೇಳುತ್ತಾರೆ: "ಒಂದು ಬಿಟ್ಟು ಒಂದು! ಒಣಗಿದ ಸಾಲಿನ ಕಡೆ ನೋಡ್ಲೇಬೇಡಿ!"

ಮೊದಲ ಹೊಲಗಳು ಸಲೀಸಾಗಿ ಮುಗಿಯುತ್ತವೆ. ಒದ್ದೆಯಾದ ಸಾಲಿನ ತೇವ, ಗಿಡ ನಿಂತಿರುವ ಪಕ್ಕದ ಮಣ್ಣಿನ ದಿಂಡಿನ ಒಳಗಿನಿಂದಲೇ ಬೇರಿಗೆ ಸಿಗುತ್ತದೆ, ಗಿಡದ ಎರಡೂ ಕಡೆ ನೀರು ನಿಲ್ಲಬೇಕಿಲ್ಲ. ಬಿಸಿಲು ಏರುವ ಹೊತ್ತಿಗೆ ಅರ್ಧ ಕಾಲುವೆ ದಾಟಿದೆ. ಗಂಡ ಬಸ್ಸಿಗೆ ಹೋಗುವ ಮುನ್ನ ಕಟ್ಟಿಕೊಟ್ಟ ಬುತ್ತಿಯನ್ನು ತೂಬಮ್ಮ ನಿಂತೇ ತಿನ್ನುತ್ತಾರೆ, ಎರಡು ತುತ್ತಿಗೆ ಮುಗಿಸಿ ಗಂಟು ಕಟ್ಟುತ್ತಾರೆ. ಕೂತು ಉಣ್ಣಬಾರದೇ ಎಂದರೆ, "ಕೂತ್ರೆ ಹೊಟ್ಟೆಯೊಳಗೆ ಏನೋ ಓಡಾಡುತ್ತೆ. ಅದಕ್ಕಿಂತ ನಾನೇ ಓಡಾಡೋದು ವಾಸಿ," ಎನ್ನುತ್ತಾರೆ.

ಅಷ್ಟರಲ್ಲಿ ಮೇಲಿನಿಂದ ಕೂಗು. ಇಲಿ ತೋಡಿದ ಬಿಲದಿಂದ ಕಾಲುವೆಯ ಏರಿ ಸೋರುತ್ತಿದೆ. ತೂಬಮ್ಮ ಹಿಂದಕ್ಕೆ ಓಡುತ್ತಾರೆ. ಬಿಲಕ್ಕೆ ಹುಲ್ಲು ತುರುಕಿ, ಮಣ್ಣು ಮೆತ್ತಿ, ತುಳಿದು ಗಟ್ಟಿ ಮಾಡುವಷ್ಟರಲ್ಲಿ ಬಹಳ ಹೊತ್ತು ಹೋಗುತ್ತದೆ. ಬೆವರು ಒರೆಸಿಕೊಳ್ಳುತ್ತಾ ಕೆಳಗೆ ಬಂದರೆ ಅಕ್ಕನ ಹೊಲದ ಮಡೆ ಇನ್ನೂ ಒಣಗಿದೆ. ಈ ಹೊತ್ತಿಗೆ ಅಲ್ಲಿ ನೀರು ಇರಬೇಕಿತ್ತು.

ಕಾಲುವೆಯಲ್ಲಿ ಅಕ್ಕನ ಹೊಲಕ್ಕಿಂತ ಮೊದಲು ಸಿಗುವುದು ಮೀಸೆ ಮಾವನ ಹೊಲ. ವಯಸ್ಸಾದ ಮನುಷ್ಯ, ಎಲ್ಲರಿಗೂ ಮಾವ. ಅವರ ಹೊಲದಲ್ಲಿ ನೀರು ಎಲ್ಲಾ ಸಾಲಿನಲ್ಲೂ ನಿಂತು ಮಿರಮಿರ ಮಿಂಚುತ್ತಿದೆ. ಮಾವ ನಡುವೆ ನಿಂತು, ಇನ್ನೊಂದು ದಿಂಡನ್ನು ಹಿಮ್ಮಡಿಯಿಂದ ಒಡೆಯುತ್ತಿದ್ದಾರೆ.

"ಮಾವ! ಏನ್ ಮಾಡ್ತಿದ್ದೀರಾ?"

ಮಾವ ಬೆಚ್ಚಿ ಕಾಲು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. "ಬೇಕು ಅಂತ ಮಾಡ್ಲಿಲ್ಲ ಕಣಮ್ಮ. ಇದಕ್ಕೆ ನೀರು ಹೋಗ್ತಿದೆ, ಪಕ್ಕದ್ದು ಬಾಯಿ ಬಿಟ್ಕೊಂಡು ನೋಡ್ತಿದೆ. ಹೆತ್ತ ಮಕ್ಕಳಲ್ಲಿ ಒಂದಕ್ಕೆ ಊಟ ಹಾಕಿ ಇನ್ನೊಂದನ್ನ ಹಾಗೇ ಕೂರ್ಸೋಕಾಗುತ್ತಾ? ಕಾಲು ತಾನಾಗೇ ಹೋಯ್ತು."

ಬಾಯಿಗೆ ಬಂದಂತೆ ಬೈಯಬೇಕು ಅನ್ನಿಸುತ್ತದೆ. ಬೈಯುವುದು ಹೇಗೆ? ಹೊಲದವರು ಮಾತ್ರ ಮಾಡಬಹುದಾದ ತಪ್ಪು ಅದು, ಕಳ್ಳತನವಲ್ಲ. ತೂಬಮ್ಮ ಮಾವನ ಮಡೆಯನ್ನು ಸಲಿಕೆಯಿಂದ ಎಳೆದು ಮುಚ್ಚುತ್ತಾರೆ. ಉಳಿದ ನೀರು ಅಕ್ಕನ ಹೊಲದ ಕಡೆ ಹರಿಯುತ್ತದೆ. ತೆಳ್ಳಗೆ, ಅವಸರವಿಲ್ಲದೆ. ಕೆರೆಯಲ್ಲಿ ಇನ್ನು ಉಳಿದಿರುವುದು ತೂಬಿಗಿಂತ ಕೆಳಗಿನ ಕೆಸರು ನೀರು, ಅದು ಕಾಲುವೆಗೆ ಏರುವುದಿಲ್ಲ.

ಅಕ್ಕ ಎದ್ದು ಮಡೆ ತೆಗೆಯುತ್ತಾರೆ. ನೀರು ಒಂದು ಬಿಟ್ಟು ಒಂದು ಸಾಲು ಹಿಡಿದು ನಡೆಯುತ್ತದೆ. ತೂಬಮ್ಮ ಅದರ ಪಕ್ಕದಲ್ಲೇ ಹೆಜ್ಜೆ ಹಾಕುತ್ತಾರೆ, ಪರೀಕ್ಷೆಗೆ ಹೋಗುವ ಮಗುವಿನ ಜೊತೆ ಶಾಲೆಯ ಬಾಗಿಲವರೆಗೆ ಹೋಗುವ ತಾಯಿಯ ಹಾಗೆ. ಹೊಲದ ನಡುವಿಗೆ ಬರುವಷ್ಟರಲ್ಲಿ ನೀರಿನ ತುದಿ ನಿಧಾನವಾಗುತ್ತದೆ. ಒಂದು ಬಿರುಕು ಸಿಗುತ್ತದೆ. ಅದರೊಳಗೆ ಇಳಿದ ನೀರು ಮತ್ತೆ ಮುಂದೆ ಬರುವುದಿಲ್ಲ.

ಅರ್ಧ ಹೊಲ ಒದ್ದೆಯಾಗಿದೆ, ಅರ್ಧ ಒಣಗಿ ನಿಂತಿದೆ. ತೂಬಮ್ಮನ ಕಾಲು ಬೆಳಗಿನಿಂದ ಮೊದಲ ಸಲ ನಿಂತಲ್ಲೇ ನಿಲ್ಲುತ್ತದೆ. ಅಳು ಬರುತ್ತದೆ, ಸೆರಗಿನಲ್ಲಿ ಒರೆಸಿಕೊಂಡು ಬೆವರು ಎನ್ನುತ್ತಾರೆ.

"ಅತ್ತಿದ್ದು ಸಾಕು, ಕುಡುಗೋಲು ತಗೊಂಡು ಬಾ," ಎನ್ನುತ್ತಾರೆ ಅಕ್ಕ. ಇಷ್ಟು ದಿನದ ಮೇಲೆ ಅದೇ ಮೊದಲ ಮಾತು. "ಒಣಗಿದ ಕಡೆ ಮೂರು ಸಾಲಿಗೆ ಒಂದು ಸಾಲು ತೆಗೆದುಬಿಡೋಣ. ಉಳಿದಿರೋ ತೇವ ಎರಡಕ್ಕಾದ್ರೂ ಆಗ್ಲಿ. ಅಪ್ಪ ಮಾಡ್ತಿದ್ದದ್ದು ಮರೆತ್ಯಾ?"

ಇಬ್ಬರೂ ಸಾಲು ಹಿಡಿದು ಕೊಯ್ಯುತ್ತಾರೆ. ಸ್ವಲ್ಪ ಹೊತ್ತಿಗೆ ಮೀಸೆ ಮಾವನೂ ಕುಡುಗೋಲು ಹಿಡಿದು ತಲೆ ತಗ್ಗಿಸಿಕೊಂಡು ಬರುತ್ತಾರೆ. "ಬನ್ನಿ ಮಾವ, ಆದ್ರೆ ಇಲ್ಲಿ ಕರುಣೆ ಗಿರುಣೆ ತೋರಿಸ್ಬೇಡಿ, ಕೊಯ್ಯಿರಿ ಅಂದ್ರೆ ಕೊಯ್ಯಿರಿ," ಎಂದು ಅಕ್ಕ ಗದರುತ್ತಾರೆ. ಕೊಯ್ದ ಹಸಿರು ದಂಟನ್ನು ಮಾವ ತಮ್ಮ ಎಮ್ಮೆಗೆಂದು ಎತ್ತಿಕೊಳ್ಳಲು ಹೋದಾಗ ಅಕ್ಕತಂಗಿಯರು ಒಟ್ಟಿಗೆ ಕೂಗುತ್ತಾರೆ. ನೀರಿಲ್ಲದೆ ನರಳಿದ ಹಸಿ ಜೋಳ ದನಕ್ಕೆ ವಿಷ, ಚೆನ್ನಾಗಿ ಒಣಗಿಸಿಯೇ ಹಾಕಬೇಕು. ಒಂದೇ ಉಸಿರಿನಲ್ಲಿ ಒಂದೇ ಮಾತು ಬಂದದ್ದಕ್ಕೆ ಇಬ್ಬರಿಗೂ ನಗು ಬರುತ್ತದೆ, ಇಬ್ಬರೂ ಮುಖ ಆಚೆ ತಿರುಗಿಸಿಕೊಂಡು ನಗುತ್ತಾರೆ.

ಬಿಸಿಲು ಇಳಿಯುತ್ತಿದೆ. ಈ ಕೆಲಸಕ್ಕೆ ತೂಬಮ್ಮನಿಗೆ ಸಿಗುವುದು ಸುಗ್ಗಿಯಲ್ಲಿ ಹೊಲಕ್ಕೊಂದು ಬುಟ್ಟಿ ಕಾಳು. ಅಕ್ಕನ ಹೊಲದ ಬುಟ್ಟಿಯನ್ನು ಈ ಸಲ ಮುಟ್ಟುವುದಿಲ್ಲ ಎನ್ನುತ್ತಾರೆ. "ತಗೊಳ್ದಿದ್ರೆ ಮನೆಗೆ ತಂದು ಸುರೀತೀನಿ," ಎನ್ನುತ್ತಾರೆ ಅಕ್ಕ, ಕೊಯ್ಯುವುದನ್ನು ನಿಲ್ಲಿಸದೆ.

ನಿಮಗೇನು ಬೇಕು ಎಂದು ಕೇಳಿದರೆ ತೂಬಮ್ಮ ಹೊಸ ಚಕ್ರ ಕೇಳುವುದಿಲ್ಲ, ಕಾಲುವೆಗೆ ಸಿಮೆಂಟು ಕೇಳುವುದಿಲ್ಲ. ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಕ್ಕನಿಗೆ ಕೇಳಲಿ ಎಂಬಷ್ಟು ಜೋರಾಗಿಯೇ ಹೇಳುತ್ತಾರೆ:

"ಮುಂದಿನ ಬಿತ್ತನೆಗೆ ಎಲ್ಲರೂ ಕೂತಾಗ, ನೀರು ಕೊನೇ ಹೊಲದಿಂದ ಶುರು ಅಂತ ಹೇಳ್ಬೇಕು. ಮತ್ತೆ ಯಾರಾದ್ರೂ ಹಿಂದಿಂದ 'ಅಕ್ಕನಿಗೋಸ್ಕರ ಅಲ್ವಾ' ಅಂತ ನಕ್ರೆ, ತಿರುಗಿ ನೋಡಿ, 'ಹೌದು, ಅಕ್ಕನಿಗೂ' ಅನ್ನಬೇಕು."