ಐದೂವರೆ ಮನೆ

ಹೊಸವರ್ಷದ ವಿಷು ಹಬ್ಬಕ್ಕೆ ಇನ್ನು ಮೂರು ದಿನ ಇತ್ತು. ಅಡುಗೆಮನೆಯ ನೆಲದ ಮೇಲೆ ಕುಳಿತು ಹಿತ್ತಾಳೆಯ ಕಾಲುದೀಪವನ್ನು ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದೆ. ಆಗ ತಿರುವನಂತಪುರದಿಂದ ಮಗಳ ಫೋನು ಬಂತು.

ಮುಂದಿನದನ್ನು ಹೇಳುವ ಮೊದಲು ಒಂದು ಮಾತು. ನಾನು ದೇವರನ್ನು ನಂಬುವವಳು, ದೀಪ ಹಚ್ಚದೆ ಕಾಫಿ ಕುಡಿದವಳಲ್ಲ. ಆದರೆ ಸತ್ತವರ ದನಿ ಕೇಳಿತು, ಇಲ್ಲದ್ದು ಕಂಡಿತು ಎಂದು ಯಾರಾದರೂ ಹೇಳಿದರೆ, ‘ಪಿತ್ತ ಏರಿರಬೇಕು, ಜೀರಿಗೆ ಕಷಾಯ ಕುಡಿಯಿರಿ’ ಎಂದು ನಗುತ್ತಿದ್ದೆ. ನಾಲ್ಕು ವರ್ಷದಿಂದ ಹಾಗೆ ನಗುವುದನ್ನು ಬಿಟ್ಟಿದ್ದೇನೆ.

“ಅಮ್ಮೇ, ಅಜ್ಜಿಯ ಪೆಟ್ಟಿಗೆ ಅಲ್ಲೇ ಉಂಟಲ್ಲ?” ಎಂದಳು ಮೈತ್ರಿ.

“ಯಾಕೆ?”

“ಸಂಜೆ ಐದಕ್ಕೆ ನನ್ನ ಸರದಿ. ಕಂಪ್ಯೂಟರಿನಲ್ಲಿ ಎಲ್ಲ ಮನೆಯೂ ಒತ್ತಿದ್ರೆ ಬರ್ತದೆ, ಐದೂವರೆ ಒತ್ತಿದ್ರೆ ಮೂಕ. ನೀನು ಪೆಟ್ಟಿಗೆಯನ್ನು ಒಂದು ನಿಮಿಷ ನುಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳ್ಸು.”

“ನನಗೆ ಅದೆಲ್ಲ ಎಲ್ಲಿ ಬರ್ತದೆ ಮಾರಾಯ್ತಿ?”

“ಕುಕ್ಕರಿನ ವಿಸಿಲ್ ಎಣಿಸ್ಲಿಕ್ಕೆ ಬರ್ತದಲ್ಲ? ಇದು ಅದಕ್ಕಿಂತ ಸುಲಭ. ಎಳಿ, ಬಿಡು. ಎಳಿ, ಬಿಡು.”

“ಆಯ್ತು, ಕಳಿಸ್ತೇನೆ” ಎಂದುಬಿಟ್ಟೆ.

ಪೆಟ್ಟಿಗೆ ಮನೆಯಲ್ಲಿ ಇರಲಿಲ್ಲ. ಎರಡು ದಿನ ಮೊದಲೇ ಅದನ್ನು ಹಳೆಯ ಪೇಪರಿನ ಕಟ್ಟಿನ ಜೊತೆ ಗುಜರಿಯವನಿಗೆ ಕೊಟ್ಟಿದ್ದೆ.

ಅದು ನನ್ನ ಅತ್ತೆಯವರ ಶ್ರುತಿಪೆಟ್ಟಿಗೆ. ಕಾಸರಗೋಡಿನಿಂದ ಎರ್ನಾಕುಲಂನ ಕಲೂರಿನ ನಮ್ಮ ಫ್ಲ್ಯಾಟಿಗೆ ಬರುವಾಗ ತೊಡೆಯ ಮೇಲೆ ಇಟ್ಟುಕೊಂಡೇ ರೈಲಿನಲ್ಲಿ ಬಂದಿದ್ದರು. ಬೆಳಗ್ಗೆ ಐದೂವರೆ ಮನೆಗೆ ಶ್ರುತಿ ಹಿಡಿದು ದೇವರ ನಾಮ ಹೇಳುತ್ತಿದ್ದರು. ಮನೆ ಎಂದರೆ ಇಲ್ಲಿ ಸ್ವರದ ಎತ್ತರ. ಮಲಯಾಳದವರು ಕಟ್ಟ ಎನ್ನುತ್ತಾರೆ. ಐದೂವರೆಯ ರೀಡು, ಗಾಳಿಗೆ ನಾದ ಹೊರಡಿಸುವ ಲೋಹದ ನಾಲಗೆ, ಸ್ವಲ್ಪ ಸೀಳಿತ್ತು. ದನಿಯ ಅಡಿಯಲ್ಲಿ ಒಂದು ಸಣ್ಣ ಅಳು ಕೇಳುತ್ತಿತ್ತು. ನಡುವೆ ಪೆಟ್ಟಿಗೆ ನಿಲ್ಲಿಸಿ, “ಸಾವಿತ್ರೀ, ಸಾರಿಗೆ ಉಪ್ಪು ಹಾಕಿದ್ದು ನೆನಪುಂಟಾ?” ಎಂದು ಕೇಳುತ್ತಿದ್ದರು. ಒಂದು ದಿನ ನಾನು ಮರೆತಿದ್ದೆ ನಿಜ. ಆ ಒಂದು ದಿನಕ್ಕಾಗಿ ಹನ್ನೊಂದು ವರ್ಷ ಆ ಪ್ರಶ್ನೆ ಕೇಳಿಸಿಕೊಂಡೆ. ಅವರು ತೀರಿಕೊಂಡ ಮೇಲೂ ಪೆಟ್ಟಿಗೆಯನ್ನು ನೋಡಿದರೆ ನನಗೆ ಉಪ್ಪೇ ನೆನಪಾಗುತ್ತಿತ್ತು.

ಮೈತ್ರಿ ಐಟಿ ಪಾರ್ಕಿನ ಕೆಲಸ ಬಿಟ್ಟು ಒಂದು ವರ್ಷದಿಂದ ಆ ಪೆಟ್ಟಿಗೆಯ ದನಿಯನ್ನು ಕಂಪ್ಯೂಟರಿನೊಳಗೆ ಕೂರಿಸುತ್ತಿದ್ದಳು. ಪ್ಲಗಿನ್ ಎನ್ನುತ್ತಾರಂತೆ. ಮೊದಲ ಸಲ ಕೇಳಿದಾಗ ‘ಯಾವ ಸ್ವಿಚ್ಚಿಗೆ?’ ಎಂದು ಕೇಳಿ ನಗೆಪಾಟಲಾಗಿದ್ದೆ. ಹಾಡಿಗೆ ಸಂಗೀತ ಕೂಡಿಸುವವರು ತಮ್ಮ ಸಾಫ್ಟ್‌ವೇರಿಗೆ ಸಿಕ್ಕಿಸಿಕೊಳ್ಳುವ ವಾದ್ಯ ಅದು. ಇವಳು ಮಾಡುತ್ತಿದ್ದದ್ದು ಓಪನ್ ಸೋರ್ಸ್. ಉಪ್ಪಿನಕಾಯಿ ಕೊಟ್ಟರೆ ಸಾಲದು, ಹಾಕಿದ ಬಗೆಯನ್ನೂ ಬರೆದು ಕೊಡಬೇಕು. ತೆಗೆದುಕೊಂಡವರು ಹುಳಿ ಖಾರ ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು. ನನಗೆ ಅಷ್ಟು ಅರ್ಥವಾಗಿತ್ತು. ಆದರೂ ಊರಿನವರು ಕೇಳಿದರೆ ‘ಅವಳಿಗೆ ಈಗ ವರ್ಕ್ ಫ್ರಮ್ ಹೋಮ್’ ಎಂದು ಸುಳ್ಳು ಹೇಳುತ್ತಿದ್ದೆ. ಪುಕ್ಕಟೆ ಕೊಡಲಿಕ್ಕೆ ಕೆಲಸ ಬಿಟ್ಟಳು ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ.

ತಿರುವನಂತಪುರದಲ್ಲಿ ಇಂಥ ವಾದ್ಯ ಮಾಡುವವರದೇ ಒಂದು ಶಿಬಿರ. ಅಲ್ಲಿ ನುಡಿಸಿ ತೋರಿಸಿ, ಅವರು ಒಪ್ಪಿದರೆ, ಇವಳ ಪೆಟ್ಟಿಗೆ ಅವರ ಸಂಗ್ರಹಕ್ಕೆ ಸೇರುತ್ತದೆ. ಒಂದು ವರ್ಷದ ಕೆಲಸಕ್ಕೆ ಅದೊಂದೇ ಪರೀಕ್ಷೆ. ಸೀಳಿದ ರೀಡನ್ನು ಹೇಗೆ ಹಿಡಿಯುವುದೆಂದು ತಿಳಿಯದೆ ಐದೂವರೆಯನ್ನು ಕೊನೆಗೆ ಉಳಿಸಿದ್ದಳು. ಶಿಬಿರದಿಂದ ಬಂದು ಮಾಡಿದರೂ ನಡೆಯುತ್ತದೆ ಎಂದುಕೊಂಡಿದ್ದಳು. ಹೊರಡುವಾಗ ಚಪ್ಪಲಿ ಹಾಕುತ್ತ, “ಪೆಟ್ಟಿಗೆ ಮುಟ್ಬೇಡ ಅಮ್ಮೇ, ಇನ್ನೊಂದು ಮನೆ ಬಾಕಿ ಉಂಟು” ಎಂದಳು.

ರೆಕಾರ್ಡ್ ಮಾಡಲು ಅವಳು ಪೆಟ್ಟಿಗೆಯನ್ನು ಪಾಲಾರಿವಟ್ಟಂನ ಗೆಳತಿಯ ಮನೆಗೆ ಒಯ್ಯುವುದಿತ್ತು. ಹಾಗಾಗಿ ‘ಇನ್ನೊಂದು ಮನೆ’ ಎಂದರೆ ಇನ್ನೊಬ್ಬರ ಮನೆ ಎಂದು ನಾನು ತಿಳಿದೆ, ಅದೇನು ಅಷ್ಟು ಮುಖ್ಯವಲ್ಲ ಅಂದುಕೊಂಡೆ. ಗಂಡನಿಗೆ ಹಾಗೆಯೇ ಹೇಳಿದೆ. ವಿಷುವಿನ ಮೊದಲು ಒಡೆದದ್ದು, ಸೀಳಿದ್ದು ಮನೆಯಲ್ಲಿ ಇರಬಾರದು ಎಂದೂ ಹೇಳಿದೆ. ಓದುವವರಿಗೆ ಸುಳ್ಳು ಹೇಳುವುದಿಲ್ಲ. ಹನ್ನೊಂದು ವರ್ಷ ‘ಐದೂವರೆ ಮನೆ’ ಎಂಬ ಮಾತು ಕೇಳಿದವಳಿಗೆ ಮನೆ ಎಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು.

ಫೋನು ಇಟ್ಟವಳೇ ಕೈ ತೊಳೆದು ಗುಜರಿ ಅಂಗಡಿಗೆ ಓಡಿದೆ. ದೇವರ ದಯೆ, ಲಿಫ್ಟ್ ಕೆಟ್ಟಿರಲಿಲ್ಲ, ಅಂಗಡಿಯೂ ತೆರೆದಿತ್ತು. ದಯೆ ಅಲ್ಲಿಗೇ ಮುಗಿಯಿತು. “ಅದು ಪೋಯಲ್ಲೋ ಚೇಚೀ” ಎಂದ ಅವನು, ಹೋಯಿತಲ್ಲ ಅಕ್ಕಾ ಎಂದು. ಲೋಡು ಅಂದು ಬೆಳಗ್ಗೆಯಷ್ಟೇ ಹೋಗಿತ್ತು. ನನ್ನ ಮುಖ ನೋಡಿ, ಒಳಗೆ ಬಂಗಾರ ಗಿಂಗಾರ ಇಟ್ಟಿದ್ದಿರಾ ಎಂದು ಕೇಳಿದ. ಇಲ್ಲ ಎಂದೆ.

ಮನೆಗೆ ಬಂದು ಕಡಲೆಯ ಕುಕ್ಕರನ್ನು ಒಲೆಯ ಮೇಲಿಟ್ಟೆ. ಕೈಗೆ ಏನಾದರೂ ಕೆಲಸ ಬೇಕಿತ್ತು. ಆಮೇಲೆ ದೇವರ ಮುಂದೆ ಕುಳಿತೆ. ಅತ್ತೆಯವರು ಪೆಟ್ಟಿಗೆ ಇಟ್ಟುಕೊಳ್ಳುತ್ತಿದ್ದ ಜಾಗವೂ ಅದೇ. ಫೋನು ಮಾಡಿ ಹೇಳುವ ಧೈರ್ಯವಿರಲಿಲ್ಲ. ಅವಳ ದನಿ ಕೇಳಿದರೆ ಮತ್ತೆ ಸುಳ್ಳು ಹೇಳುತ್ತೇನೆಂದು ಗೊತ್ತಿತ್ತು. ವಾಟ್ಸಾಪಿನಲ್ಲಿ ಮೈಕಿನ ಗುರುತನ್ನು ಒತ್ತಿ ಹಿಡಿದು ಮಾತಾಡಿದೆ. ಪೆಟ್ಟಿಗೆ ಕೊಟ್ಟುಬಿಟ್ಟೆ ಮಗಾ, ತಿಳಿಯದೆ ಅಲ್ಲ, ಬೇಕೆಂದೇ ಕೊಟ್ಟದ್ದು, ಅಜ್ಜಿಯ ಮೇಲಿನ ಸಿಟ್ಟನ್ನು ಪೆಟ್ಟಿಗೆಯ ಮೇಲೆ ತೀರಿಸಿಕೊಂಡೆ, ಎಂದೆ. ಊರಿನವರಿಗೆ ನಿನ್ನ ಬಗ್ಗೆ ಹೇಳಿದ ಸುಳ್ಳನ್ನೂ ಹೇಳಿದೆ. ನಡುವೆ ಅಳು ಬಂತು. ಕೊನೆಗೆ ಕುಕ್ಕರ್ ಒಂದು ವಿಸಿಲ್ ಹಾಕಿತು, ಬೆರಳು ಬಿಟ್ಟೆ, ಹೋಯಿತು. ತಿರುಗಿ ಕೇಳಲಿಲ್ಲ. ಫೋನನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟೆ.

ಸಂಜೆ ಆರು ಕಳೆದ ಮೇಲೆ ಅದು ಅಲ್ಲಿಂದಲೇ ಬಡಿದುಕೊಂಡಿತು.

“ಅಮ್ಮೇ, ಕಲಕ್ಕಿ!” ಎಂದು ಕಿರುಚಿದಳು. ಮಲಯಾಳದಲ್ಲಿ ಅದು ಶಹಬಾಸ್‌ಗಿರಿ. ನಾನು ಮಾತ್ರ ಅದನ್ನು ಕನ್ನಡದಲ್ಲಿ ಕೇಳಿಸಿಕೊಂಡೆ, ಎಲ್ಲ ಕಲಕಿ ಕೆಡಿಸಿದೆ ಎಂದು.

“ಎಂತ?”

“ತೆಕ್ಕೊಂಡ್ರು! ಎಲ್ಲಕ್ಕಿಂತ ಐದೂವರೆಯೇ ಅವರಿಗೆ ಇಷ್ಟ ಆದದ್ದು. ಆ ಸೀಳು ದನಿ ಎಷ್ಟು ಚಂದ ಬಂದಿದೆ! ನಡುವೆ ಒಮ್ಮೆ ನಿಲ್ಲಿಸಿದ್ದು ಬಿಟ್ರೆ ಒಂದೇ ಸಮ ಹೇಗೆ ಎಳೆದಿ ನೀನು? ಕೊನೆಗೆ ಕುಕ್ಕರಿನ ವಿಸಿಲ್ ಒಂದು ಇತ್ತು, ಕತ್ತರಿಸಿದೆ.”

ನಾನು ಕಳಿಸಿದ್ದನ್ನು ತೆರೆದು ಕೇಳಿದೆ. ನನ್ನ ಮಾತು ಒಂದೂ ಇರಲಿಲ್ಲ. ಶ್ರುತಿ ಇತ್ತು. ತಿದಿ ಎಳೆದು ಬಿಡುವ ಉಸಿರು, ಅಡಿಯಲ್ಲಿ ಆ ಸಣ್ಣ ಅಳು. ನಡುವೆ ಒಂದು ಕಡೆ ಪೆಟ್ಟಿಗೆ ನಿಂತು ಮತ್ತೆ ಶುರುವಾಗುತ್ತದೆ, ಯಾರೋ ಏನೋ ಕೇಳಲು ನಿಲ್ಲಿಸಿದ ಹಾಗೆ. ಕೊನೆಗೆ ನನ್ನ ಕುಕ್ಕರಿನ ವಿಸಿಲ್.

ಎರ್ನಾಕುಲಂನಲ್ಲಿ ವಕೀಲರೊಬ್ಬರ ಬಳಿ ಗುಮಾಸ್ತರಾಗಿರುವ ನನ್ನ ಗಂಡನಿಗೆ ಮಾತ್ರ ಹೇಳಿದೆ. “ಹಳೇದು ಯಾವುದೋ ಫೋನಿನಲ್ಲಿ ಇದ್ದಿರ್ಬೇಕು, ತಪ್ಪಿ ಕಳಿಸಿದ್ದೀ. ಸಾಕ್ಷಿ ಇಲ್ಲದ ಕೇಸು ಇದು, ಬಿಡು” ಎಂದರು. ಆದರೆ ಆ ಫೋನು ಕೊಂಡದ್ದೇ ಅತ್ತೆಯವರು ತೀರಿಕೊಂಡ ಮೇಲೆ. ಆ ವಿಸಿಲ್ ಅಂದಿನ ಕಡಲೆಯದ್ದು.

ಇಷ್ಟನ್ನು ಹೇಳಲು ನನಗೆ ನಾಚಿಕೆಯಿಲ್ಲ, ನಾಚಿಕೆ ಆಮೇಲಿನದಕ್ಕೆ. ಅಂದು ಮಗಳು ಹೊಗಳುವಾಗ ನಾನು ಸುಮ್ಮನೆ ಹೊಗಳಿಸಿಕೊಂಡೆ. ಮನೆಗೆ ಬಂದು ಪೆಟ್ಟಿಗೆ ಎಲ್ಲಿ ಎಂದಾಗ, ವಿಷುವಿಗೆ ಮನೆ ಗುಡಿಸಿ ಸಾರಿಸುವಾಗ ಗುಜರಿಗೆ ಹೋಯಿತು ಎಂದೆ. ಅವಳ ಮುಖ ಸಣ್ಣದಾಯಿತು. “ಹೋಗ್ಲಿ, ದನಿ ಉಳಿಯಿತಲ್ಲ. ಮೊದಲು ಕಳಿಸಿ ಆಮೇಲೆ ಕೊಟ್ಟಿಯಲ್ಲ, ಪುಣ್ಯ” ಎಂದಳು. ಮೊದಲು ಯಾವುದು, ಆಮೇಲೆ ಯಾವುದು ಎಂದು ನಾನು ತಿದ್ದಲಿಲ್ಲ. ಆ ವಾದ್ಯದ ಜೊತೆ ಹೋಗುವ ಹೆಸರುಗಳ ಪಟ್ಟಿಯಲ್ಲಿ ‘ಐದೂವರೆ ಮನೆ ನುಡಿಸಿದವರು: ಸಾವಿತ್ರಿ, ನನ್ನ ಅಮ್ಮ’ ಎಂದು ಬರೆದಿದ್ದಾಳೆ. ಗುರುತಿಲ್ಲದ ಊರುಗಳಲ್ಲಿ ಯಾರು ಯಾರೋ ಅದನ್ನು ನುಡಿಸುತ್ತಾರೆ. ಕೆಲವರು ನನಗೆ ವಂದನೆ ತಿಳಿಸಿ ಎಂದು ಬರೆಯುತ್ತಾರೆ. ಅವಳು ಅದನ್ನು ಓದಿ ಹೇಳುವಾಗಲೆಲ್ಲ ನನಗೆ ಒಳಗೆ ಏನಾದರೂ ಕೆಲಸ ನೆನಪಾಗುತ್ತದೆ.

ಹೋದ ವಾರ ಸಹಿಸಲಾಗದೆ, “ನನ್ನ ಹೆಸರು ತೆಗೆದು ಅಜ್ಜಿಯದು ಹಾಕು” ಎಂದೆ.

“ಹಾಕ್ಬಹುದು. ಆದ್ರೆ ಏನು ಬದಲಾಯಿಸಿದ್ರೂ ಯಾಕೆ ಅಂತ ಒಂದು ಸಾಲು ಬರೀಬೇಕು ಅಮ್ಮೇ. ಎಲ್ಲರಿಗೂ ಕಾಣ್ತದೆ, ಆಮೇಲೆ ಅಳಿಸ್ಲಿಕ್ಕೆ ಆಗುದಿಲ್ಲ.” ಕೀಬೋರ್ಡಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. “ಹೇಳು, ಎಂತ ಬರೀಲಿ?”

ಬಾಯಿ ತೆರೆದೆ. ಅಂದು ದೇವರ ಮುಂದೆ ಒಂದು ನಿಮಿಷ ಅಷ್ಟು ಮಾತಾಡಿದ್ದವಳು ನಾನೇ. ಅವಳು ಕಾದಳು. ಕಾದು, ಬೆರಳು ತೆಗೆದಳು.

ದೋಸೆಗೆ ಹಾಕಿದ್ದ ಅಕ್ಕಿ ನೆನೆದು ಹೆಚ್ಚಾಗಿತ್ತು. ಒಳಗೆ ಹೋಗಿ ತೊಳೆದು ಗ್ರೈಂಡರಿಗೆ ಸುರಿದೆ, ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡು ಸಲ ನೋಡಿದೆ.