ಖಾಸಿಂ ಚಾಚಾ ಹಿಡಿದ ನೊಣಗಳು

ಖಾಸಿಂ ಚಾಚಾ ನೊಣಗಳನ್ನು ಉಸಿರಿನಿಂದ ಹಿಡಿಯುತ್ತಿದ್ದರು. ಬೆಳಗಿನ ಹೊತ್ತು ಗೂಗಲ್ ಎಂಬ ಹಳ್ಳಿಯ ಯಾವುದೋ ದನದ ಕೊಟ್ಟಿಗೆಯ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು, ರಬ್ಬರ್ ನಳಿಗೆಯ ಒಂದು ತುದಿಯನ್ನು ಬಾಯಲ್ಲಿಟ್ಟುಕೊಂಡು, ಇನ್ನೊಂದು ತುದಿಯ ಗಾಜಿನ ಕೊಳವೆಯನ್ನು ಮರಳುನೊಣದ ಮೇಲೆ ತಂದು ಮೆಲ್ಲಗೆ ಎಳೆದರೆ ಮುಗಿಯಿತು, ನೊಣ ಒಳಗೆ. ನಡುವೆ ಜಾಳು ಬಟ್ಟೆಯ ತುಂಡು ಇಲ್ಲದಿದ್ದರೆ ನೇರ ಹೊಟ್ಟೆಗೇ ಹೋಗಬೇಕು. ಮೊದಲ ದಿನ ನಾನು ಎಳೆದ ರಭಸಕ್ಕೆ ಕೆಮ್ಮು ಬಂದು ಎಮ್ಮೆ ಬೆದರಿತ್ತು.

“ಬೀಡಿ ಸೇದಿದಂಗ ಎಳೀಬ್ಯಾಡವ್ವ. ಬಿಸಿ ಚಾ ಕುಡಿದಂಗ ಎಳಿ,” ಅಂದರು. ಆಮೇಲೆ ಎಮ್ಮೆಯ ಕಡೆ ತಿರುಗಿ, “ನೀವು ಸ್ವಲ್ಪ ಸರಕೋರಿ,” ಅಂದರು. ಎಮ್ಮೆಗೂ ರೀ ಹಚ್ಚುವ ಮನುಷ್ಯ.

ರಾಯಚೂರಿನ ಒಂದು ಪ್ರಯೋಗಾಲಯದಲ್ಲಿ ಅವರು ಕೀಟ ಹಿಡಿಯುವ ನೌಕರರಾಗಿದ್ದವರು. ಓದಿದ್ದು ಏಳನೇ ಇಯತ್ತೆ. ನಿವೃತ್ತಿಯಾಗಿ ಮಾನ್ವಿಯಲ್ಲಿದ್ದರು. ನಾನು ಅರಕೇರಾದ ಕೂಲಿಯವರ ಮಗಳು. ಕಚ್ಚುವ ನೊಣಗಳ ಮೇಲೆ ಸಂಶೋಧನೆ ಮಾಡುತ್ತೇನೆಂದು ಕೇಳಿ, ರೊಟ್ಟಿ ಕಟ್ಟಿಕೊಂಡು ತಾವಾಗಿಯೇ ಬರತೊಡಗಿದರು.

ನಾನು ಸೇರಿದ್ದ ಅದೇ ಪ್ರಯೋಗಾಲಯದ ಕಪಾಟಿನಲ್ಲಿ ಅವರು ದೇವದುರ್ಗದ ಕಡೆ ಹಿಂದೆ ಹಿಡಿದ ನೊಣಗಳ ಶೀಶಿಗಳಿದ್ದವು. ಎಲ್ಲದರ ಮೇಲೂ ಅವರ ಕೈಬರಹದಲ್ಲಿ ಒಂದೇ ಹೆಸರು, ಕಾಳಾ ಅಜರ್ ಎಂಬ ಮಾರಕ ಜ್ವರ ಹರಡುವ ಜಾತಿಯದು. ನನಗೇಕೋ ಅನುಮಾನ ಬಂತು. ಒಂದರ ತಲೆ ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಂಟಲಲ್ಲಿ ಸಣ್ಣ ಹಲ್ಲುಗಳ ಸಾಲು! ರೋಗ ಹರಡುವ ಜಾತಿಗೆ ಆ ಹಲ್ಲು ಇರುವುದಿಲ್ಲ. ಉಳಿದ ಶೀಶಿಗಳ ನೊಣಗಳಲ್ಲೂ ಅದೇ ಹಲ್ಲು. ಇಷ್ಟು ವರ್ಷ ಇಡೀ ತಾಲ್ಲೂಕಿನ ಮೇಲೆ ತಪ್ಪು ಹೆಸರು ಕೂತಿತ್ತು.

ರಾಯಚೂರಿನ ವಿಚಾರ ಸಂಕಿರಣದಲ್ಲಿ ಇದನ್ನು ಹೆಮ್ಮೆಯಿಂದಲೇ ಹೇಳಿದೆ. “ನೊಣ ಹಿಡಿದವರು ಕಾಲಿನ ಬಣ್ಣ ನೋಡಿ ಹೆಸರು ಬರೆದುಬಿಟ್ಟಿದ್ದಾರೆ,” ಎಂದೂ ಸೇರಿಸಿದೆ. ಕೆಲವರು ನಕ್ಕರು. ಚಾಚಾ ಹಿಂದಿನ ಸಾಲಿನಲ್ಲಿದ್ದರು. ಮುಗಿದ ಮೇಲೆ ಬಂದು, “ಛಲೋ ನೋಡೀದಿ ಬೇಟಿ,” ಎಂದಷ್ಟೇ ಹೇಳಿ ಮಾನ್ವಿ ಬಸ್ಸು ಹತ್ತಿದರು.

ಮುಂದಿನ ವಾರ, ಸ್ಪಿರಿಟ್ ಆರಿದ್ದ ಶೀಶಿಗಳನ್ನು ಮತ್ತೆ ತುಂಬಲು ಹತ್ತಿಯ ಬಿರಡೆ ಎಳೆದರೆ ಈ ಸಲ ಅದು ಬಿಚ್ಚಿಕೊಂಡಿತು. ಹತ್ತಿಯೊಳಗೆ ಸುರುಳಿ ಸುತ್ತಿದ ಚೀಟಿ ಇತ್ತು. ಪೆನ್ಸಿಲಿನಲ್ಲಿ, ಅದೇ ಕೈಬರಹ: “ಗಂಟಲದಾಗ ಹಲ್ಲು ಅದಾವ. ಇದು ಆ ಜಾತಿ ಅಲ್ಲ. ಸಾಹೇಬರಿಗೆ ಹೇಳೀನಿ.” ಎರಡನೆಯ ಬಿರಡೆಯನ್ನೂ ಬಿಡಿಸಿದೆ. ಮೂರನೆಯದು. ಎಲ್ಲದರಲ್ಲೂ ಇತ್ತು. ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ನಾನು ಕಂಡುಹಿಡಿದೆ ಎಂದು ಬೀಗಿದ್ದನ್ನು ಅವರು ಎಂದೋ ಕಂಡಿದ್ದರು, ಆ ತಪ್ಪನ್ನು ನಾನು ಅವರ ತಲೆಗೇ ಕಟ್ಟಿದ್ದೆ.

ಅಂದೇ ಮಾನ್ವಿಗೆ ಹೋದೆ. ಚಾಚಾ ಜ್ವರದಿಂದ ಮಂಚ ಹಿಡಿದಿದ್ದರು.

“ಯಾಕ ಹೇಳಲಿಲ್ಲ ಚಾಚಾ? ಎಲ್ಲಾರ ಮುಂದ ನಿಮ್ಮ ತಪ್ಪು ಅಂದೆನಲ್ಲ.”

“ಹೊರಗ ಇದ ಹೆಸರು ಬರಿ ಅಂದ್ರು ಸಾಹೇಬ್ರು, ಬರದೆ. ನೌಕರಿ ಇತ್ತು. ಅವರಂತೂ ನನ್ನ ಕೇಳೋರಲ್ಲ.” ನನ್ನ ಕಡೆ ಹೊರಳಿದರು. “ನೀ ನೊಣದ ತಲಿ ಬಿಡಿಸಿ ನೋಡಿದಿ. ನಾ ಇಲ್ಲೇ ಮಾನ್ವಿಯಾಗ ಇದ್ದೆ. ನನ್ನ ಒಂದು ಮಾತು ಕೇಳಲಿಲ್ಲ ನೀನೂ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.

ಸಂಕಿರಣದ ನನ್ನ ಪ್ರಬಂಧಕ್ಕೆ ತಿದ್ದುಪಡಿ ಬರೆದೆ; ಸರಿಯಾದ ಹೆಸರನ್ನು ಮೊದಲು ಗುರುತಿಸಿದವರು ಖಾಸಿಂ ಸಾಬರೆಂದು ಸ್ಪಷ್ಟವಾಗಿ ಬರೆದೆ. ಅದು ಅಚ್ಚಾಗಿ ಕೈಗೆ ಬಂದ ದಿನವೇ ಮಾನ್ವಿಗೆ ಒಯ್ದೆ. ಅವರ ಮನೆಯ ಮುಂದೆ, ಮಣ್ಣಿಗೆ ಬಂದವರಿಗಾಗಿ ಹಾಕಿದ್ದ ಶಾಮಿಯಾನ ಬಿಚ್ಚುತ್ತಿದ್ದರು.