ಮೂರನೇ ವರ್ಷದ ಶಾಲು

ಅವರ ಬಲಗೈ ಬೆರಳಿನಲ್ಲಿ ಕಾರಿನ ಕೀಲಿಕೈ ಯಾವಾಗಲೂ ತೂಗಾಡುತ್ತಿತ್ತು. ಕಾರ್ಖಾನೆಗೆ ಅತಿಥಿಗಳು ಬಂದರೆ ನೇರವಾಗಿ ನನ್ನ ಮೇಜಿನ ಹತ್ತಿರ ಕರೆತಂದು, ಬಗ್ಗಿ, ಅದೇ ಕೀಲಿಕೈಯಿಂದ ನನ್ನ ಎಡಗಾಲಿನ ಕ್ಯಾಲಿಪರ್ ಮೇಲೆ ಟಣ್ ಟಣ್ ಎಂದು ಬಡಿಯುತ್ತಿದ್ದರು. ಪೋಲಿಯೋ ಆದ ಕಾಲಿಗೆ ಆಸರೆಯಾಗಿ ಕಟ್ಟಿಕೊಳ್ಳುವ ಕಬ್ಬಿಣದ ಸರಳು ಅದು. ಸಲ್ವಾರಿನ ಬಟ್ಟೆ ಅಡ್ಡವಿದ್ದರೂ ಸದ್ದು ಕೇಳಬೇಕೆಂದರೆ ಎಲ್ಲಿ ಬಡಿಯಬೇಕು ಎಂಬುದು ಅವರಿಗೆ ಗೊತ್ತಿತ್ತು.

"ಕೇಳ್ರಿ, ಖರೇ ಕಬ್ಬಣ. ನಮ್ಮಲ್ಲಿ ಖೊಟ್ಟಿ ಮಾಲ ಇಲ್ಲ."

ಅತಿಥಿಗಳು ನಗಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡುತ್ತಿದ್ದರು. ನಾನು ಬರೆಯುವುದನ್ನು ನಿಲ್ಲಿಸುತ್ತಿರಲಿಲ್ಲ.

ನಾವೆಲ್ಲ ಅವರನ್ನು ಸಾವ್ಕಾರ್ರು ಎನ್ನುತ್ತಿದ್ದೆವು. ಗುಲ್ಬರ್ಗಾ ಕಡೆಯ ಲಿಂಗಾಯತರು. ಕೂಕಟ್‌ಪಲ್ಲಿಯ ಒಳಗಲ್ಲಿಯೊಂದರಲ್ಲಿ ಅವರ ರಟ್ಟಿನ ಡಬ್ಬಿಯ ಕಾರ್ಖಾನೆ. ಶಂಶಾಬಾದಿನಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಅಲ್ಲಿಂದ ಹೊರದೇಶಕ್ಕೆ ಹೋಗುವ ಔಷಧ, ಮಾವಿನಹಣ್ಣುಗಳಿಗೆ ಡಬ್ಬಿ ಬೇಕಾಗಿ ಅವರ ಕೆಲಸ ಬೆಳೆದಿತ್ತು. ಕೈಗಳೂ ಬೇಕಾದವು. ಅದೇ ಹೊತ್ತಿಗೆ ಸರ್ಕಾರ ಒಂದು ಯೋಜನೆ ತಂದಿತು. ಅಂಗವಿಕಲರನ್ನು ಹೊಸದಾಗಿ ಕೆಲಸಕ್ಕೆ ಸೇರಿಸಿಕೊಂಡರೆ, ಅವರ ಭವಿಷ್ಯನಿಧಿಗೂ ವಿಮೆಗೂ ಮಾಲೀಕರು ಕಟ್ಟಬೇಕಾದ ಪಾಲನ್ನು ಮೊದಲ ಮೂರು ವರ್ಷ ಸರ್ಕಾರವೇ ಕಟ್ಟುತ್ತದೆ. ಹೊಸ ಕೆಲಸಗಾರರ ಸಂಬಳದ ಮೇಲೆ ಆದಾಯ ತೆರಿಗೆಯಲ್ಲಿಯೂ ಒಂದಿಷ್ಟು ರಿಯಾಯಿತಿ ಸಿಗುತ್ತದೆ ಎಂದು ಅವರ ತೆರಿಗೆ ಸಲಹೆಗಾರರು ಹೇಳಿದ್ದರಂತೆ. ಸಾವ್ಕಾರ್ರು ಆ ಯೋಜನೆಯನ್ನು ಓದಿದ ಹಾಗೆ ಬೇರೆ ಯಾರೂ ಓದಿರಲಾರರು.

ನನ್ನ ತಂದೆ ಸರ್ಕಾರಿ ಕಚೇರಿಯಲ್ಲಿದ್ದು ನಿವೃತ್ತರಾದವರು. ಕನ್ನಡ ಸಂಘದಲ್ಲಿ ಅವರಿಗೆ ಸಾವ್ಕಾರ್ರ ಪರಿಚಯ. ವಿಶ್ವವಿದ್ಯಾಲಯದಿಂದ ಹೊರಬಂದ ಮೇಲೆ ನಾನು ಕೆಲಸ ಕೇಳಿಕೊಂಡು ಹೋದ ಕಡೆಗಳಲ್ಲೆಲ್ಲ ನನ್ನನ್ನು ಭಾಳ ಮರ್ಯಾದೆಯಿಂದ ನೋಡಿಕೊಂಡಿದ್ದರು. ಮೊದಲು ಕುರ್ಚಿ ಕೊಡುತ್ತಿದ್ದರು, ಆಮೇಲೆ ಒಂದು ಲೋಟ ನೀರು. ಲಿಫ್ಟಿನ ಬಾಗಿಲವರೆಗೆ ಬಂದು ಬೀಳ್ಕೊಡುತ್ತಿದ್ದರು. ಕೆಲಸ ಮಾತ್ರ ಕೊಡುತ್ತಿರಲಿಲ್ಲ. ಕೊನೆಗೆ ತಂದೆ ನನ್ನನ್ನು ಸಾವ್ಕಾರ್ರ ಹತ್ತಿರ ಕರೆದುಕೊಂಡು ಹೋದರು.

ನಾನು ಪದವಿ ಪ್ರಮಾಣಪತ್ರವನ್ನು ಮುಂದೆ ಚಾಚಿದೆ. ಸಾವ್ಕಾರ್ರು ಅದನ್ನು ನೋಡದೆ ಪಕ್ಕಕ್ಕಿಟ್ಟರು.

"ಇನ್ನೊಂದು ಇರಬೇಕಲ್ಲ, ದವಾಖಾನಿದು. ಅದು ಕೊಡ್ರಿ."

ಕೊಟ್ಟೆ. ಕನ್ನಡಕ ಏರಿಸಿ, ಅಂಗವಿಕಲತೆ ಎಷ್ಟು ಎಂದು ಬರೆದಿದ್ದ ಸಾಲನ್ನು ಓದಿದರು.

"ಅರವತ್ತು ಪರ್ಸೆಂಟ್. ಭೇಷ್! ನಲವತ್ತಿದ್ರೂ ಸಾಕಾಗತಿತ್ತು."

"ಆಕಿ ಎಂ.ಕಾಂ. ಫಸ್ಟ್ ಕ್ಲಾಸ್ ಅದಾಳ್ರಿ," ಎಂದರು ತಂದೆ.

"ಫಸ್ಟ್ ಕ್ಲಾಸಿಗೆ ಸರ್ಕಾರ ಏನೂ ಕೊಡೂದಿಲ್ರಿ ಸಾಹೇಬ್ರ. ಇದಕ್ಕ ಕೊಡತೈತಿ."

ತಂದೆ ತಲೆ ತಗ್ಗಿಸಿದರು. ನಾನು ತಗ್ಗಿಸಲಿಲ್ಲ. ನನ್ನ ಮುಖದ ಮೇಲೆಯೇ ಇಷ್ಟು ಸ್ಪಷ್ಟವಾಗಿ ಯಾರೂ ಮಾತಾಡಿರಲಿಲ್ಲ.

ಲೆಕ್ಕದ ಮೇಜು ಮಹಡಿಯ ಮೇಲಿತ್ತು. ಮರುದಿನ ಬೆಳಿಗ್ಗೆ ನಾನು ಹೋದಾಗ ಅದನ್ನು ಇಳಿಸಿ, ಕೆಳಗೆ ಬಾಗಿಲ ಪಕ್ಕದಲ್ಲಿ ಹಾಕಿಸಿದ್ದರು. ಕುರ್ಚಿಯೂ ನನಗೆ ಬೇಕಾದ ಎತ್ತರದ್ದೇ. ನಾನು ಕೇಳಿರಲಿಲ್ಲ. ಕೃತಜ್ಞತೆಯ ಮಾತೇನೋ ಹೇಳಲು ಹೋದೆ.

"ನಿಮ್ಮ ಸಲುವಾಗಿ ಅಲ್ರಿ. ನೀವು ಮ್ಯಾಲ ಹತ್ತಿ ಇಳಿಯೂದ್ರಾಗ ತಾಸುಗಟ್ಟಲೆ ನನ್ನ ಟೈಮ್ ಹಾಳು."

ಅಲ್ಲಿ ಯೋಜನೆಯಡಿ ಸೇರಿದ ನಮಗೆ ಹೆಸರಿರಲಿಲ್ಲ. ಪ್ರಮಾಣಪತ್ರದಲ್ಲಿದ್ದ ಅಂಕಿಯೇ ಹೆಸರು. "ಏ ಎಪ್ಪತ್ತ, ಅಂಟು ತೆಳು ಆಗೇತಿ ನೋಡು." "ನಲವತ್ತೈದು ಎಲ್ಲಿ ಸತ್ತಾನ?" ನಾನು ಅರವತ್ತು. ಓದಿದವಳಾದ್ದರಿಂದ "ಅರವತ್ತವರ" ಎಂದು ಬಹುವಚನ ಹಚ್ಚುತ್ತಿದ್ದರು. ಸಿಟ್ಟು ಬಂದಾಗ ಹೆಂಗಸರೆಲ್ಲ ಸರ್ಕಾರದ ಸೊಸೆಯಂದಿರು, ಗಂಡಸರು ಸರ್ಕಾರದ ಅಳಿಯಂದಿರು. ನಮ್ಮ ಪಾಲನ್ನು ಸರ್ಕಾರ ಕಟ್ಟುತ್ತಿತ್ತಲ್ಲ, ಅದಕ್ಕೆ. ಒಬ್ಬೊಬ್ಬರ ನಡಿಗೆಯನ್ನೂ ಅನುಕರಿಸಿ ತೋರಿಸುತ್ತಿದ್ದರು. ನನ್ನದನ್ನಂತೂ, ಸೊಂಟ ತಿರುಗಿಸಿ ಕಾಲು ಎಳೆಯುವ ಆ ಅರೆಕ್ಷಣದ ತಡೆಯ ಸಮೇತ, ತಪ್ಪಿಲ್ಲದೆ ನಡೆದು ತೋರಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಗದಿದ್ದರೆ ಮುಂದಿನ ಸರದಿ ಅವರದೇ.

ಆದರೆ ಸಂಬಳ ಒಂದು ದಿನವೂ ತಡವಾಗಲಿಲ್ಲ. ಮಧ್ಯಾಹ್ನ ನಮ್ಮ ನಡುವೆಯೇ ಕೂತು ಜೋಳದ ರೊಟ್ಟಿ ತಿನ್ನುತ್ತಿದ್ದರು. ಮನೆಯಿಂದ ತಂದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿಯ ಡಬ್ಬಿಯನ್ನು ಎಲ್ಲರ ಮುಂದೆ ಸರಿಸುತ್ತಿದ್ದರು. "ತಿನ್ನವಾ ನೂರ, ತಿನ್ನು. ಮಾತಿಲ್ಲ ಕತಿ ಇಲ್ಲ, ಬಾಯಿ ಮತ್ಯಾಕ ಐತಿ ನಿನಗ?" ಎಂದು ಸಾಯಮ್ಮನ ರೊಟ್ಟಿಯ ಮೇಲೆ ತಾವೇ ಹಿಂಡಿ ಸುರಿಯುತ್ತಿದ್ದರು.

ಸಾಯಮ್ಮ ನನಗಿಂತ ಒಂದು ವರ್ಷ ತಡವಾಗಿ ಸೇರಿದವಳು. ಹುಟ್ಟಿನಿಂದ ಕಿವಿ ಕೇಳಿಸದು, ಮಾತು ಬಾರದು. ಆದ್ದರಿಂದ ಅವಳು ನೂರು. ಅಂಟಿನ ಮೇಜಿನಲ್ಲಿ ಕೆಲಸ. ತುಟಿ ನೋಡಿ ತೆಲುಗು ತಿಳಿಯುತ್ತಿದ್ದಳು. ಸಾವ್ಕಾರ್ರ ಕನ್ನಡ ಅವಳಿಗೆ ತಿಳಿಯುತ್ತಿರಲಿಲ್ಲ. ಮಿಯಾಪುರದ ಹತ್ತಿರ ತಾಯಿಯ ಜೊತೆ ಇದ್ದಳು. ತಾಯಿಗೆ ಕಣ್ಣಿನ ಪೊರೆ. ಮನೆ ನಡೆಯುತ್ತಿದ್ದುದು ಇವಳ ದುಡಿಮೆಯಿಂದ. ಊಟದ ಹೊತ್ತಿನಲ್ಲಿ ನನಗೆ ಕೈಭಾಷೆ ಕಲಿಸಿದವಳು ಅವಳೇ. ನೀರಿಗೆ ಒಂದು ಸನ್ನೆ, ಬಸ್ಸಿಗೆ ಒಂದು. ಸಾವ್ಕಾರ್ರಿಗೆ ಬೆರಳಲ್ಲಿ ಕೀಲಿಕೈ ತಿರುಗಿಸಿದ ಹಾಗೆ. ಎರಡೂ ಕೈಗಳಿಂದ ಹೆಗಲ ಮೇಲೆ ಏನನ್ನೋ ಎಳೆದುಕೊಂಡ ಹಾಗೆ ಮಾಡಿದರೆ, ನಾಳೆಯಿಂದ ಬರುವುದು ಬೇಡ.

ಆ ಸನ್ನೆ ಹುಟ್ಟಿದ್ದು ನಮ್ಮ ಕಾರ್ಖಾನೆಯಲ್ಲಿಯೇ. ಮೂರು ವರ್ಷ ಮುಗಿದವರನ್ನು ಸಾವ್ಕಾರ್ರು ಸುಮ್ಮನೆ ಹೊರಗೆ ಹಾಕುತ್ತಿರಲಿಲ್ಲ. ಸನ್ಮಾನ ಮಾಡುತ್ತಿದ್ದರು. ಸಂಘದಲ್ಲಿ ಕಲಿತ ಪದ್ಧತಿ. ಕೆಲಸದ ನಡುವೆ ಡಬ್ಬಿಗಳ ರಾಶಿಯ ಮುಂದೆ ಒಂದು ಕುರ್ಚಿ ಹಾಕಿಸಿ, ಅವರನ್ನು ಕೂಡಿಸಿ, ಕೊರಳಿಗೆ ಹಾರ ಹಾಕಿ, ಶಾಲು ಹೊದಿಸಿ, ಮಡಿಲಲ್ಲಿ ತೆಂಗಿನಕಾಯಿ ಇಟ್ಟು ಫೋಟೋ ತೆಗೆಸುತ್ತಿದ್ದರು. ಸಂಘದ ಅಧ್ಯಕ್ಷರೂ ಬಂದು ಎರಡು ಮಾತಾಡುತ್ತಿದ್ದರು: ಇಂಥ ಔದಾರ್ಯ ಎಲ್ಲರಿಗೂ ಬರಲಿ, ಎಂದು. ಮರುದಿನ ಹಾಜರಿಯಲ್ಲಿ ಆ ಹೆಸರಿರುತ್ತಿರಲಿಲ್ಲ. ಅವರ ಜಾಗಕ್ಕೆ ಹೊಸ ಪ್ರಮಾಣಪತ್ರ ಹಿಡಿದು ಹೊಸಬರು ಬರುತ್ತಿದ್ದರು. ಮತ್ತೆ ಮೂರು ವರ್ಷ ಸರ್ಕಾರದ ಪಾಲು.

ಆ ಅರ್ಜಿಗಳನ್ನು ಬರೆಯುತ್ತಿದ್ದವಳು ನಾನೇ ಆದ್ದರಿಂದ, ನನ್ನ ಸರದಿ ಯಾವಾಗ ಎಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಮನೆಯಲ್ಲಿ ತಂದೆ, "ಸಂಘದಾಗ ಯಾರ ಕಡಿಂದರ ಹೇಳಸಲೇನು?" ಎಂದು ಕೇಳಿದರು. ಬೇಡವೆಂದೆ. ಕೆಲಸ ಹೋದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಮತ್ತೆ ಆ ಕಚೇರಿಗಳು, ಮತ್ತೆ ಆ ನೀರಿನ ಲೋಟಗಳು.

ನನ್ನ ಮೂರು ವರ್ಷ ಮುಗಿದ ದಿನ ಬೆಳಿಗ್ಗೆ ಸಾವ್ಕಾರ್ರ ಕೋಣೆಗೆ ಹೋದೆ. ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಹೊಸ ಶಾಲಿತ್ತು, ನೇರಳೆ ಬಣ್ಣದ್ದು.

"ಏನ್ರಿ ಅರವತ್ತವರ, ಸೀರಿ ಉಟ್ಟು ಬರಬಾರದಾ? ಫೋಟೋ ಚಲೋ ಬರತಿತ್ತು."

"ನನಗ ಶಾಲು ಬ್ಯಾಡ್ರಿ. ನಾಳೆ ಕೆಲಸಕ್ಕ ಬರತೀನ್ರಿ."

"ಬಂದು?"

"ಲೆಕ್ಕ ಬರಿತೀನ್ರಿ."

"ನಾಳಿಂದ ನಿಮ್ಮ ಪಾಲು ನಾ ಕಟ್ಟಬೇಕಲ್ಲ?"

"ಎಲ್ಲಾರದೂ ಕಟ್ಟತೀರಲ್ರಿ."

"ಎಲ್ಲಾರಿಗೂ ಎರಡು ಕಾಲ ಅದಾವ."

"ಲೆಕ್ಕ ಕಾಲಿಲೆ ಬರಿಯೂದಿಲ್ರಿ."

ಅವರು ಕೀಲಿಕೈ ತಿರುಗಿಸುವುದನ್ನು ನಿಲ್ಲಿಸಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. ಎದುರುತ್ತರ ಕೊಟ್ಟವರನ್ನು ಅವರು ಮೆಚ್ಚುತ್ತಿದ್ದರು. ಆದರೆ ಅಲ್ಲಿ ಎದುರುತ್ತರ ಕೊಡುವವರೇ ಇರಲಿಲ್ಲ, ಅವರೇ ಇಲ್ಲದಂತೆ ಮಾಡಿದ್ದರು.

"ಆತು. ಬರ್ರಿ. ಇಷ್ಟು ದಿವಸ ಸರ್ಕಾರದ ಸೊಸಿ, ಇನ್ನ ನನ್ನ ನೌಕರ."

ನಾನು ಬಾಗಿಲವರೆಗೆ ಬಂದಿದ್ದೆ. ಹಿಂದಿನಿಂದ ಅವರ ಮಾತು ಕೇಳಿಸಿತು. ನನಗಲ್ಲ, ತಮಗೆ ತಾವೇ ಹೇಳಿಕೊಂಡದ್ದು.

"ಮತ್ತ ಈ ಶಾಲು?"

ತಿರುಗಿ ನಿಂತೆ.

"ಶಾಲು ತಂದಾಗೇತಿ, ಹಾರ ತಂದಾಗೇತಿ, ಅಧ್ಯಕ್ಷರು ಹಾದ್ಯಾಗ ಅದಾರ," ಎಂದರು. ಗಾಜಿನ ಆಚೆ ಕಣ್ಣು ಹಾಯಿಸಿದರು. ಅಂಟಿನ ಮೇಜಿನ ಮೇಲೆ ನಿಂತಿತು ಅವರ ನೋಟ. "ನೂರಕ್ಕ ಹೊದಿಸಿಬಿಡೋಣ."

"ಸಾಯಮ್ಮಗ ಇನ್ನೂ ಒಂದು ವರ್ಷ ಐತ್ರಿ. ಸರ್ಕಾರ ಕಟ್ಟಾಕತ್ತೈತಿ. ನಿಮಗ ಲುಕ್ಸಾನ್ ಆಗತೈತ್ರಿ."

"ಹೊಸಾದೊಂದು ನೂರು ತರತೀನಿ. ಅದಕ್ಕ ಪೂರಾ ಮೂರು ವರ್ಷ."

"ಆಕಿ ತಾಯಿಗೆ ಕಣ್ಣು ಕಾಣೂದಿಲ್ರಿ."

"ಅರವತ್ತು ಉಳೀತು, ನೂರು ಹೋತು," ಎಂದರು ಸಾವ್ಕಾರ್ರು, ಶಾಲಿನ ಚೀಲ ಬಿಚ್ಚುತ್ತ. "ನಿಮ್ಮನ್ನ ಇಟ್ಕೊಂಡೀನಿ. ಒಂದ ದಿವಸಕ್ಕ ಎಷ್ಟು ಧರ್ಮಾ ಮಾಡಸ್ತೀರಿ?"

ಕುರ್ಚಿ ಹಾಕಿದರು. ಸಾಯಮ್ಮ ಅದು ನನಗೆಂದೇ ತಿಳಿದು ನನ್ನ ಕಡೆ ನೋಡುತ್ತಿದ್ದಳು. ಕಣ್ಣು ತುಂಬಿತ್ತು. ಸಾವ್ಕಾರ್ರು ಹೋಗಿ ಅವಳ ಮೊಣಕೈ ಹಿಡಿದು ಎಬ್ಬಿಸಿದರು. ಅಂಟು ಮೆತ್ತಿದ ಕೈಯಲ್ಲಿಯೇ ಬಂದು ಕೂತಳು. ಹಾರ ಬಿತ್ತು, ಶಾಲು ಬಿತ್ತು. ಅಧ್ಯಕ್ಷರು ಔದಾರ್ಯದ ಮಾತಾಡಿದರು. ಫೋಟೋದವನು ಎರಡು ಬೆರಳಿನಿಂದ ತನ್ನ ತುಟಿಗಳನ್ನು ಅಗಲಿಸಿ ತೋರಿಸಿದ, ನಗು ಎಂದು. ಅವಳು ನಕ್ಕಳು. ಫ್ಲ್ಯಾಶ್ ಆದ ಮೇಲೆ ನನ್ನ ಕಡೆ ತಿರುಗಿ, ಆಗಲೇ ಶಾಲು ಹೊದ್ದಿದ್ದ ಹೆಗಲ ಮೇಲೆ ಎರಡೂ ಕೈಗಳಿಂದ ಇಲ್ಲದ ಶಾಲೊಂದನ್ನು ಎಳೆದುಕೊಂಡು ಹುಬ್ಬೇರಿಸಿದಳು. ಹೌದೇ? ಹೌದೆಂದು ತಲೆ ಆಡಿಸಿದೆ. ಅವಳ ಸನ್ನೆಯಲ್ಲಿ ಹೇಳಲು ಅಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಮರುದಿನದಿಂದ ಸಾವ್ಕಾರ್ರು ನನ್ನನ್ನು ಹೆಸರು ಹಿಡಿದು ಕರೆಯತೊಡಗಿದರು. ಅವರ ಸ್ವಂತ ಖರ್ಚಾದ ಮೇಲೆ ನನಗೆ ಹೆಸರು ಬಂತು. ಕ್ಯಾಲಿಪರ್ ಬಡಿಯುವುದೂ ನಿಂತಿತು. ಅತಿಥಿಗಳಿಗೆ ತೋರಿಸಲು ಹೊಸಬರಿದ್ದರು. ನನ್ನ ಮುಖ ಕಂಡು ಒಮ್ಮೆ, "ಮಾರಿ ಯಾಕ ಉಬ್ಬಿಸೀರಿ? ಕೆಲಸ ಬೇಕಿತ್ತು, ಸಿಕ್ಕೇತಿ. ನಾ ದೇವರಲ್ಲ, ಡಬ್ಬಿ ಮಾಡಾವ," ಎಂದರು. ಅವರು ನನಗೆ ಹೇಳಿದ ಮಾತುಗಳಲ್ಲಿ ಸಮಾಧಾನಕ್ಕೆ ಹತ್ತಿರವಾದದ್ದು ಅದೊಂದೇ. ಮುಂದಿನ ದಿನಗಳಲ್ಲಿ ಬ್ಯಾಂಕಿನವರ ಜೊತೆ, ತೆರಿಗೆಯವರ ಜೊತೆ ಮಾತಾಡಲು ನನ್ನನ್ನೇ ಕೂಡಿಸುತ್ತಿದ್ದರು. ಯಾರಾದರೂ ಪಾಪ ಎನ್ನುವ ದನಿಯಲ್ಲಿ ನನ್ನನ್ನು ವಿಚಾರಿಸಿದರೆ, "ಆಕಿಗೆ ಪಾಪ ಅನಬ್ಯಾಡ್ರಿ, ಬಡ್ಡಿ ತಪ್ಪು ಹಾಕೀರಿ, ಅದು ನೋಡ್ರಿ ಮದಲ," ಎನ್ನುತ್ತಿದ್ದರು. ನನಗೆ ಕೆಲಸ ಕಲಿಸಿದವರು ಅವರು. ಅದನ್ನು ಬರೆಯದಿದ್ದರೆ ಈ ಚಿತ್ರ ಸುಳ್ಳಾಗುತ್ತದೆ.

ರಾಜ್ಯ ಎರಡಾಗುತ್ತದೆಂದು ಎಲ್ಲರೂ ಮಾತಾಡುತ್ತಿದ್ದ ದಿನಗಳಲ್ಲಿ, ಕೂಕಟ್‌ಪಲ್ಲಿಯ ರಸ್ತೆಯ ನಡುವೆ ಮೆಟ್ರೋ ಕಂಬಗಳು ಏಳುತ್ತಿದ್ದಾಗ, ಸಾವ್ಕಾರ್ರು ಬೆಳಗಿನ ಚಹಾ ಕುಡಿಯುತ್ತಲೇ ತೀರಿಹೋದರು. ಸಾಯಮ್ಮನ ತಾಯಿಗೆ ನಾನೇ ಫೋನು ಮಾಡಿ ತಿಳಿಸಿದೆ. ಸಾಯಮ್ಮ ಬರುತ್ತಾಳೆಂದು ಎಣಿಸಿರಲಿಲ್ಲ. ಬಂದಳು. ಮಿಯಾಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಒರೆಸುತ್ತಾಳೆ. ಸೀರೆಯ ಅಂಚು ಇನ್ನೂ ಒದ್ದೆಯಿತ್ತು.

ಲಿಂಗಾಯತರಲ್ಲಿ ಶವವನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಅವರ ಫ್ಲ್ಯಾಟಿನ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ, ಕುರ್ಚಿಯ ಮೇಲೆ ಕೂಡಿಸಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಹಾರ. ತಲೆ ವಾಲದಂತೆ ಹಿಂದಿನಿಂದ ಬಟ್ಟೆ ಕಟ್ಟಿದ್ದರು. ಬೆರಳು ಬರಿದಾಗಿತ್ತು. ಸಂಘದ ಅಧ್ಯಕ್ಷರು ಮುಂದೆ ಬಂದು, ಅವರ ಹೆಗಲ ಮೇಲೆ ಶಾಲು ಹೊದಿಸಿ, ಕೈ ಜೋಡಿಸಿ, ಔದಾರ್ಯದ ಬಗ್ಗೆ ಎರಡು ಮಾತಾಡಿದರು.

ಸಾಯಮ್ಮ ನನ್ನ ಪಕ್ಕದಲ್ಲಿ ನಿಂತಿದ್ದಳು. ಮೊದಲು ಕುರ್ಚಿ ನೋಡಿದಳು, ಆಮೇಲೆ ಹಾರ, ಆಮೇಲೆ ಶಾಲು. ನನ್ನ ಮೊಣಕೈ ತಟ್ಟಿ ತನ್ನ ಕಡೆ ತಿರುಗಿಸಿಕೊಂಡಳು. ಬೆರಳಲ್ಲಿ ಕೀಲಿಕೈ ತಿರುಗಿಸಿದಳು. ಎರಡೂ ಕೈಗಳಿಂದ ಹೆಗಲ ಮೇಲೆ ಎಳೆದುಕೊಂಡಳು. ಈ ಸಲ ಹುಬ್ಬೇರಿಸಲಿಲ್ಲ.

ಸಾವ್ಕಾರ್ರ ಮಗ ನಮ್ಮ ಎದುರಿಗೇ ಇದ್ದರು. ಅತ್ತು ಕೆಂಪಾದ ಕಣ್ಣಿನಲ್ಲಿ ಅವಳ ಕೈಗಳನ್ನು ನೋಡಿ, "ಏನಂತಾಳ್ರಿ ಆಕಿ?" ಎಂದು ನನ್ನನ್ನು ಕೇಳಿದರು.

ಏನಾದರೂ ಒಳ್ಳೆಯ ಮಾತು ಹೇಳಬಹುದಿತ್ತು. ಆದರೆ ಸಾವ್ಕಾರ್ರು ನನ್ನನ್ನು ಇಟ್ಟುಕೊಂಡದ್ದು ಅಂಥ ಮಾತಿಗಲ್ಲ.

"ನಾಳಿಂದ ಬರೂದು ಬ್ಯಾಡ ಅಂತಾಳ್ರಿ," ಎಂದೆ.

ಅವರು ತಿರುಗಿ ತಮ್ಮ ತಂದೆಯ ಹೆಗಲ ಮೇಲಿನ ಶಾಲನ್ನು ನೋಡಿದರು.

ಮರುವಾರ ಕಾರ್ಖಾನೆ ತೆರೆದಾಗ ನಾನು ಎಂದಿನಂತೆ ಕೆಲಸಕ್ಕೆ ಹೋದೆ. ನನ್ನ ಮೇಜು ಕೆಳಗೇ ಇತ್ತು.